ಬಾಗಿಲ ಮುಂದೆ ಬಾರಿಸಿದ ತಮಟೆ

ಮಕ್ಕಳೇ, ಚಿಕ್ಕಜ್ಜನ ಮನೆಗೆ ಅಜ್ಜಿ ಯಾಕೆ ಬರುವುದಿಲ್ಲ ಎಂದು ದಸರಾ ರಜೆಯಲ್ಲಿ ಕೇಳಿದಿರಿ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಭದ್ರಾವತಿಯಲ್ಲಿ ನಗರಸಭೆಯ ಒಂದು ಮಳಿಗೆಯನ್ನು ಹರಾಜಿನಲ್ಲಿ ಹಿಡಿದು ವಾಚ್ ರಿಪೇರಿ ಅಂಗಡಿ ಇಟ್ಟಿದ್ದರು. ಬೀದಿ ದೀಪ ಉರಿಸಲು, ರಸ್ತೆ ಗುಡಿಸುವವರಿಗೆ ಸಂಬಳ ಕೊಡಲು ನಗರಸಭೆಗೆ ದುಡ್ಡು ಬೇಕಲ್ಲ. ಮನೆ ಕಂದಾಯ, ನೀರಿನ ಕಂದಾಯದ ಜೊತೆ ಇಂಥ ಮಳಿಗೆಗಳ ಬಾಡಿಗೆಯೂ ಅದರ ಸಂಪಾದನೆ.

ಅಜ್ಜ ತೀರಿಕೊಂಡ ಮೇಲೆ ಅವರ ತಮ್ಮ, ಅಂದರೆ ನಿಮ್ಮ ಚಿಕ್ಕಜ್ಜ, ಬಂದು ಬೀಗದ ಕೈ ಕೇಳಿದ. "ಆಫೀಸು ಗೀಫೀಸು ಅಂತ ನೀವು ಅಲೆಯೋದು ಬೇಡ ಅತ್ತಿಗೆ. ನಾನು ನೋಡ್ಕೋತೀನಿ." ಕೊಟ್ಟೆ. ಪ್ರತಿ ದೀಪಾವಳಿಗೆ ಒಂದು ಸೀರೆ ತರುತ್ತಿದ್ದ. ಮಳಿಗೆಯಿಂದ ಬರುವುದು ನಗರಸಭೆ ಬಾಡಿಗೆಗೇ ಸರಿಹೋಗುತ್ತದೆ ಎನ್ನುತ್ತಿದ್ದ. ಆ ಸೀರೆ ಉಟ್ಟು ಅವನಿಗೆ ಹೋಳಿಗೆ ಬಡಿಸಿದ್ದೇನೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಬಾಗಿಲ ಮುಂದೆ ತಮಟೆ ಸದ್ದಾಯಿತು. ಒದ್ದೆ ಕೈಯಲ್ಲೇ ಓಡಿದೆ. ಓಲ್ಡ್ ಟೌನಿನ ನಮ್ಮ ಬೀದಿಯವರೆಲ್ಲ ಹೊರಗೆ ನಿಂತಿದ್ದರು.

"ಏನ್ ಮಾರಾಯ್ತಿ, ನಮ್ಗೂ ಹೇಳದೆ ಮದುವೆ ಇಟ್ಕೊಂಡಿದೀಯಲ್ಲ?" ಎದುರುಮನೆಯವಳು ನಕ್ಕಳು.

ನಗರಸಭೆಯಿಂದ ಬಾಕಿ ವಸೂಲಿಗೆ ಬಂದವರು ತಮಟೆ ನಿಲ್ಲಿಸಿ ನಿಮ್ಮ ಅಜ್ಜನ ಹೆಸರು ಕೂಗಿದರು. "ಮಳಿಗೆ ಬಾಡಿಗೆ ಬಾಕಿ ಅಮ್ಮ. ವರ್ಷದ ಲೆಕ್ಕ ಮುಗೀಬೇಕು, ಕಟ್ಟಿಬಿಡಿ." ಯಾರ ಹತ್ತಿರವೂ ಒಂದು ಕಾಸು ಸಾಲ ಇಟ್ಟುಕೊಳ್ಳದೆ ಸತ್ತವರು ಅವರು. ಅವರ ಹೆಸರನ್ನು ಬೀದಿಯಲ್ಲಿ ಕೂಗುವಂತಾಯಿತು.

ಆ ಮಧ್ಯಾಹ್ನವೇ ಮಳಿಗೆಗೆ ಹೋದೆ. ಒಳಗೆ ಮಿಕ್ಸಿ ರಿಪೇರಿ ಮಾಡುವ ತಮಿಳಿನವರೊಬ್ಬರಿದ್ದರು. "ತಿಂಗಳಾ ತಿಂಗಳಾ ಬಾಡಿಗೆ ನಿಮ್ಮ ಮೈದುನರ ಕೈಗೇ ಕೊಡ್ತಾ ಇದೀನಿ ಅಮ್ಮಾ. ನೋಟಿಸ್ ಬಂದಾಗೂ ಅವರಿಗೇ ಕೊಟ್ಟೆ," ಎಂದರು. ನಗರಸಭೆ ಕೇಳುವುದರ ನಾಲ್ಕು ಪಟ್ಟು ಒಳಬಾಡಿಗೆ. ನನಗೂ ಕೊಡದೆ, ನಗರಸಭೆಗೂ ಕಟ್ಟದೆ ಅಷ್ಟನ್ನೂ ಅವನೇ ನುಂಗಿದ್ದ.

ಮರುದಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ, ವಿದ್ಯಾನಗರದ ಅವನ ಮನೆಗೆ ಹೋದೆ. ಅವನು ಸೋಫಾದಿಂದ ಏಳಲೂ ಇಲ್ಲ. "ಇದಕ್ಕೆ ಇಷ್ಟು ದೂರ ಬಂದ್ರಾ? ಎಲೆಕ್ಷನ್ ಬರ್ಲಿ, ಎಲ್ಲಾ ಮನ್ನಾ ಆಗುತ್ತೆ. ಅಲ್ಲಿವರೆಗೆ ತಮಟೆ ಹೊಡೆದ್ರೆ ಕಿವಿಗೆ ಹತ್ತಿ ಇಟ್ಕೊಳಿ ಅತ್ತಿಗೆ." ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೊಟ್ಟ ಕಾಫಿ ಮುಟ್ಟದೆ ಎದ್ದು ಬಂದೆ.

ಭದ್ರಾವತಿಗೆ ಬಂದು ನಗರಸಭೆ ಕಚೇರಿಗೆ ಹೋಗಿ ನಡೆದದ್ದು ಹೇಳಿದೆ. ಕಂದಾಯ ನೋಡಿಕೊಳ್ಳುವ ಹೆಂಗಸು ನೀರು ಕೊಟ್ಟು, ಬಾಕಿ ಕಟ್ಟಿದರೆ ಮಳಿಗೆಯನ್ನು ನನ್ನ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಬಹುದು ಎಂದರು. ನಾನು ಯೋಚಿಸಿದೆ. ನನ್ನ ಹೆಸರಿಗೆ ಬಂದರೆ ಅವನು ಮತ್ತೆ ಬಂದು ಅತ್ತಿಗೆ ಅತ್ತಿಗೆ ಎಂದು ಬೀಗದ ಕೈಗೆ ಕೈ ಚಾಚುತ್ತಾನೆ. ಮುಖದ ಮೇಲೆ ಇಲ್ಲ ಎನ್ನಲು ನನ್ನಿಂದ ಆಗುವುದಿಲ್ಲ. ಅವನ ಕೈಗೆ ಎಂದೂ ಸಿಗದ ಹಾಗೆ ಮಾಡಬೇಕು.

"ನನಗೆ ಬೇಡ. ನೀವೇ ವಾಪಸ್ ತಗೊಳ್ಳಿ," ಎಂದೆ.

ಅಜ್ಜ ಇಟ್ಟಿದ್ದ ಠೇವಣಿಯಲ್ಲಿ ಬಾಕಿ ಮುರಿದುಕೊಂಡರು. ಮಳಿಗೆಯನ್ನು ಮತ್ತೆ ಹರಾಜು ಹಾಕುತ್ತೇವೆ, ತಮಟೆ ಹೊಡೆಸಿ ಸಾರುತ್ತೇವೆ ಎಂದರು. "ಮಳಿಗೆ ಮುಂದೆ ಸ್ವಲ್ಪ ಜೋರಾಗಿ ಹೊಡೆಸಿ," ಎಂದೆ. ಆ ಹೆಂಗಸು ನನ್ನ ಮುಖ ನೋಡಿ, ನಕ್ಕು, ಆಯ್ತು ಎಂದರು. ಬರುವ ದಾರಿಯಲ್ಲಿ ಮಿಕ್ಸಿಯವರಿಗೆ ಮೊದಲೇ ವಿಷಯ ತಿಳಿಸಿದೆ.

ಹರಾಜಿನ ದಿನ ನಿಮ್ಮ ಚಿಕ್ಕಜ್ಜನೂ ಬಂದಿದ್ದ. ಬಾಡಿಗೆ ಏರಿಸಿ ಕೂಗುತ್ತಾ ಹೋದ, ಮಿಕ್ಸಿಯವರು ಬಿಡಲಿಲ್ಲ. ಕೂಗು ಅವರು ಅವನಿಗೆ ಕೊಡುತ್ತಿದ್ದ ಒಳಬಾಡಿಗೆಯ ಹತ್ತಿರ ಬಂದಾಗ ಅವನು ಹಿಂದೆ ಸರಿದ. ಅದಕ್ಕಿಂತ ಹೆಚ್ಚು ಕೊಟ್ಟರೆ ಅವನಿಗೆ ಏನೂ ಗಿಟ್ಟುತ್ತಿರಲಿಲ್ಲ. ಮಳಿಗೆ ಮಿಕ್ಸಿಯವರ ಹೆಸರಿಗಾಯಿತು.

ಕಚೇರಿ ಗೇಟಿನ ಹತ್ತಿರ ಅವನು ನನ್ನನ್ನು ತಡೆದು, "ಅಣ್ಣ ಮಾಡಿಟ್ಟಿದ್ದನ್ನ ಬೀದಿಪಾಲು ಮಾಡಿದ್ರಲ್ಲ ಅತ್ತಿಗೆ. ಜನ ನನ್ನ ನೋಡಿ ನಗ್ತಿದಾರೆ," ಎಂದ.

"ಕಿವಿಗೆ ಹತ್ತಿ ಇಟ್ಕೊಳಿ," ಎಂದೆ. ಮೆಲ್ಲಗೇ ಹೇಳಿದೆ. ಅವನಿಗೆ ಕೇಳಿಸಿತು.

ಮಳಿಗೆ ಉಳಿದಿದ್ದರೆ ನಿಮ್ಮ ಅಪ್ಪನಿಗೆ ಬರುತ್ತಿತ್ತೇನೋ. ಅವನನ್ನು ನಾನು ಕೇಳಲಿಲ್ಲ. ಬೈಯುವುದಿದ್ದರೆ ಬೈಯಿರಿ. ಚಿಕ್ಕಜ್ಜನ ಮನೆಗೆ ನೀವು ಹೋಗುವುದಿದ್ದರೆ ಹೋಗಿ, ನನ್ನನ್ನು ಕರೆಯಬೇಡಿ. ಬೆಳಿಗ್ಗೆ ನಗರಸಭೆಯವರು ನಮ್ಮ ಬೀದಿ ಗುಡಿಸಲು ಬರುತ್ತಾರೆ. ಅವನ ಜೇಬು ಸೇರುತ್ತಿದ್ದ ದುಡ್ಡು ಇವರ ಸಂಬಳಕ್ಕೆ ಸೇರಿತಲ್ಲ ಎಂದುಕೊಂಡು, ಪೊರಕೆಯ ಸದ್ದು ಬೀದಿಯ ಕೊನೆ ಮುಟ್ಟುವವರೆಗೂ ಬಾಗಿಲಲ್ಲಿ ನಿಂತು ಕೇಳುತ್ತೇನೆ.