ನಡು ಉಬ್ಬಿದ ನಕ್ಷತ್ರ

ಚನ್ನಪಟ್ಟಣದಲ್ಲಿ ಕರೀಮುನ್ನೀಸಾಳಷ್ಟು ದುಂಡಗೆ ಮರದ ಮಣಿ ಕಡೆಯುವವರು ಇನ್ನೊಬ್ಬರಿಲ್ಲ. ಅಲ್ಲ ಎನ್ನುವವರು ಎದುರಿಗೆ ಬಂದು ಹೇಳಲಿ, ನೋಡೋಣ. ಗಂಡ ತೀರಿಕೊಂಡ ಮೇಲೆ ಅವನ ಲೇತಿನ ಮುಂದೆ ಕೂತವಳು ಮತ್ತೆ ಏಳಲಿಲ್ಲ. ಕಡೆದ ಮಣಿ ಎಲ್ಲಾದರೂ ಕೂದಲೆಳೆಯಷ್ಟು ಉಬ್ಬಿದೆ ಅನ್ನಿಸಿದರೆ ಸಾಕು, ತಿರುಗಿ ಲೇತಿಗೆ ಏರಿಸುವ ಹಟಮಾರಿ ಹೆಂಗಸು.

ಅಂಥವಳನ್ನು ಕಂಗಾಲು ಮಾಡಿದ್ದು ಮಗಳ ಮಗಳು ಸುಹಾನಾ. ಹುಟ್ಟಿನಿಂದ ಕಣ್ಣು ಕಾಣದು, ಬಾಯಿ ಮಾತ್ರ ಬಲು ಜೋರು. ಶಾಲೆಯಲ್ಲಿ ನಕ್ಷತ್ರದ ಪಾಠ ಶುರುವಾದದ್ದೇ ತಡ, "ಅದು ಕಣ್ಣಿರೋರ ಪಾಠ, ನಾನು ಹೋಗಲ್ಲ" ಎಂದು ಮನೆಯಲ್ಲಿ ಕುಳಿತುಬಿಟ್ಟಳು. ಯಾರು ಎಷ್ಟು ರಮಿಸಿದರೂ ಜಗ್ಗಲಿಲ್ಲ. ಇವತ್ತು ಪಾಠ ಬಿಟ್ಟವಳು ನಾಳೆ ಶಾಲೆಯನ್ನೇ ಬಿಟ್ಟಾಳು ಎಂಬ ಹೆದರಿಕೆಗೆ ಅಜ್ಜಿಗೆ ಅನ್ನ ಸೇರದಾಯಿತು.

ವಿಜ್ಞಾನದ ಟೀಚರ್ ಪ್ರತಿಮಾ ಮನೆಗೇ ಬಂದರು. "ಅಮ್ಮ, ಇವಳು ಮುಟ್ಟಿ ನೋಡೋ ಹಂಗೆ ಒಂದು ನಕ್ಷತ್ರ ಕಡೆದುಕೊಡಿ. ತನ್ನ ಸುತ್ತ ತಾನೇ ಸಿಕ್ಕಾಪಟ್ಟೆ ಜೋರಾಗಿ ಸುತ್ತೋ ಜಾತೀದು. ಅದರ ಸುತ್ತ ಒಂದು ತಟ್ಟೆ ಇರ್ಲಿ," ಎಂದರು.

ಕರೀಮುನ್ನೀಸಾ ತಡ ಮಾಡಲಿಲ್ಲ. ಎಲ್ಲೂ ಒಂದಿಷ್ಟು ಓರೆಯಿಲ್ಲದ ಗುಂಡು ಕಡೆದು, ನಡುವಿಗೆ ತೆಳ್ಳನೆಯ ಮರದ ತಟ್ಟೆ ಕೂರಿಸಿದಳು. ಸುಹಾನಾ ಸವರಿ ನೋಡಿ, "ಇದು ನಿನ್ನ ಮಣೀನೇ ಅಲ್ವಾ ನಾನಿ? ಒಸಿ ದಪ್ಪ ಐತೆ ಅಷ್ಟೆ," ಎಂದು ಪಕ್ಕಕ್ಕಿಟ್ಟಳು.

ಸಂಜೆ ಬಂದ ಟೀಚರ್ ಅದನ್ನು ನೋಡಿ ನಕ್ಕರು. "ದುಂಡಗಿರಬಾರದು ಅಮ್ಮ. ಮೇಲೆ ಕೆಳಗೆ ಚಪ್ಪಟೆಯಾಗಿ ಹೊಟ್ಟೆ ಉಬ್ಬಿರ್ಬೇಕು."

"ಏನ್ ಮೇಡಂ ನೀವು? ಜೋರಾಗಿ ಸುತ್ತಿದಷ್ಟೂ ದುಂಡಗಾಯ್ತದೆ. ಮೂವತ್ತು ವರ್ಷದಿಂದ ನೋಡ್ತಾ ಇವ್ನಿ."

"ದುಂಡಗೆ ಮಾಡೋದು ನಿಮ್ಮ ಉಳಿ. ಅಲ್ಲಿ ಉಳಿ ಹಿಡಿಯೋರು ಯಾರವ್ರೆ? ನಕ್ಷತ್ರ ಮರದಂಗೆ ಗಟ್ಟೀನೂ ಅಲ್ಲ, ಪೂರಾ ಕಾದ ಅನಿಲ. ನೀವು ಮಣಿಗೆ ಬಣ್ಣ ಹಚ್ಚೋ ಅರಗು ಜಾಸ್ತಿ ಮೆತ್ತಗಾದ್ರೆ ಲೇತಲ್ಲಿ ಏನಾಯ್ತದೆ?"

ಕರೀಮುನ್ನೀಸಾ ಅರಗಿನ ಕಲೆಗಳಿದ್ದ ತನ್ನ ಸೆರಗನ್ನು ನೋಡಿಕೊಂಡಳು. "ಹೊರಕ್ಕೆ ಸಿಡೀತದೆ," ಎಂದಳು ಮೆಲ್ಲಗೆ.

"ಹೆಚ್ಚುಕಮ್ಮಿ ಹಂಗೇನೆ. ನಡುವಿಂದ ಚಿಮ್ಮಿದ ಅನಿಲ ಸುತ್ತ ತಟ್ಟೆಯಾಗಿ ನಿಲ್ತದೆ. ಕೆಲವು ವರ್ಷ ಇದ್ದು ಕರಗಿಹೋದ್ರೂ ಹೋಯ್ತದೆ, ಮತ್ತೆ ಹುಟ್ಟಿದ್ರೂ ಹುಟ್ತದೆ."

ಒಪ್ಪಿದ್ದೇನೋ ಆಯಿತು, ಕೈ ಒಪ್ಪಬೇಕಲ್ಲ! ಉಳಿ ಇಟ್ಟರೆ ಸಾಕು, ಅದು ಹಳೇ ಚಾಳಿಯಂತೆ ದುಂಡಗೇ ಓಡುತ್ತಿತ್ತು. ತನ್ನ ಕೈಯನ್ನು ತಾನೇ ಬೈದುಕೊಳ್ಳುತ್ತ, ತುಂಡಿನ ಮೇಲೆ ತುಂಡು ಹಾಳು ಮಾಡುತ್ತ, ಕೊನೆಗೂ ಎರಡು ಚಪ್ಪಟೆ ಹೋಳುಗಳನ್ನು ಕಡೆದಳು. ಎರಡನ್ನೂ ಜೋಡಿಸಿದರೆ ಹೊಟ್ಟೆ ಉಬ್ಬಿದ ನಕ್ಷತ್ರ, ನಡುವೆ ತಟ್ಟೆ. ಬೇಕೆಂದರೆ ಕೂರಿಸಬಹುದು, ಬೇಡವೆಂದರೆ ತೆಗೆಯಬಹುದು.

ಈ ಸಲ ಟೀಚರ್ ಎದುರಿಗೇ ಸುಹಾನಾಳ ಬೆರಳು ಉಬ್ಬಿದ ನಡುವಿನಲ್ಲೇ ನಿಂತಿತು. ತಟ್ಟೆ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. "ಮಿಸ್, ಆಕಾಶದಲ್ಲಿ ಇದರ ಹೊಟ್ಟೆ ಹೆಂಗೆ ಕಾಣ್ತದೆ?"

"ಕಾಣಲ್ಲ ಕಣೇ. ನಮ್ಮ ಕಣ್ಣಿಗೆ ಬರೀ ಚುಕ್ಕಿ. ಹಲವಾರು ದುರ್ಬೀನುಗಳಿಗೆ ಬಿದ್ದ ಬೆಳಕು ಸೇರಿಸಿ, ಲೆಕ್ಕ ಹಾಕಿ ವಿಜ್ಞಾನಿಗಳು ಕಂಡುಹಿಡಿದವ್ರೆ."

"ನಮ್ಮ ಕ್ಲಾಸಲ್ಲಿ ಯಾರ್ಗೂ ಕಾಣಲ್ವಾ?"

"ಯಾರ್ಗೂ ಇಲ್ಲ. ನನಗೂ ಇಲ್ಲ."

ಸುಹಾನಾ ತಡಕಾಡಿ ಸ್ಕೂಲ್ ಬ್ಯಾಗನ್ನು ಎಳೆದುಕೊಂಡು, ನಕ್ಷತ್ರವನ್ನು ಅದರೊಳಗೆ ಇಟ್ಟಳು.

"ನಾನಿ, ನಾಳೆ ಬೇಗ ಎಬ್ಬಿಸು. ಪಾಪ, ಅವರಿಗೆ ಯಾರಿಗೂ ಕಾಣಲ್ವಂತೆ. ನಾನೇ ತೋರಿಸ್ಬೇಕು."