ಉಗುಳಿನಲ್ಲಿ ಸಿಕ್ಕ ಕಾಶಿಬಾಯಿ

“ನಮ್ಮ ಮುತ್ತ್ಯಾಗ ಇನ್ನೊಬ್ಬಾಕಿ ಹೆಂಡ್ತಿ ಇದ್ದಳ್ರೀ ಕಾಕಾ,” ಎಂದು ಮುತ್ತ್ಯಾನ, ಅಂದರೆ ತೀರಿಹೋದ ಅಜ್ಜನ, ಕೆಮ್ಮನ್ನೂ ಸೇರಿಸಿ ಅಣಕಿಸಿದೆ. ಭಾಲ್ಕಿಯ ಮನೆಯಲ್ಲಿ ಎಲ್ಲರೂ ನಕ್ಕರು.

ನಮ್ಮದು ಸರದಾರರ ವಂಶವೆಂದು ಸಾಬೀತುಪಡಿಸಲು ಕಾಕಾ ಗುಟ್ಕಾ ಬಿಟ್ಟು, ಬಾಯಿ ತೊಳೆದು, ಡಿಎನ್‌ಎ ಪರೀಕ್ಷೆಗೆ ಉಗುಳು ಕಳಿಸಿದ್ದರು. ಸರದಾರರು ಸಿಗಲಿಲ್ಲ, ಔರಾದಿನ ಕಿರಾಣಿ ಅಂಗಡಿಯವನೊಬ್ಬ ಹತ್ತಿರದ ರಕ್ತಸಂಬಂಧಿ ಎಂದು ಬಂತು. ಅವನ ವಂಶವೃಕ್ಷದಲ್ಲಿ ನಮ್ಮ ಮುತ್ತ್ಯಾನ ಹೆಸರಿನ ಪಕ್ಕ ಹೆಂಡತಿ ‘ಕಾಶಿಬಾಯಿ’ ಎಂದಿತ್ತು. ನಮ್ಮ ಅಜ್ಜಿ ಕಮಲಾಬಾಯಿ. ಬೀದರಿನಲ್ಲಿ ಕಂಪ್ಯೂಟರ್ ಕಲಿತ ಪಂಡಿತನಾದ ನಾನು ಆ್ಯಪ್‌ನಲ್ಲಿ ಅಜ್ಜಿಯ ಪಕ್ಕ ಸವತಿಯನ್ನು ಕೂಡಿಸಿಬಿಟ್ಟೆ.

ಬೇಳೆ ಆರಿಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. “ಕಾಶಿಬಾಯಿ ನಾನೇ ಇದ್ದೀನಿ. ಲಗ್ನದಾಗ ನಿಮ್ಮ ಮಂದಿ ಅಕ್ಕಿಯಾಗ ಕಮಲಾ ಅಂತ ಬರ್ದು ಹೆಸರು ಬದಲಿ ಮಾಡಿದ್ರು. ಆಮ್ಯಾಲ ಜಗಳ ತಗದು ತವರಿನ ಹೆಸರೂ ಎತ್ತಬ್ಯಾಡ ಅಂದ್ರು. ಉಗುಳಿಗಿ ಕೇಳ್ತೀರಿ, ನನಗ ಒಂದ್ ಮಾತು ಕೇಳಂಗಿಲ್ಲ.”

ಸರದಾರ ಕಾಕಾ ಫೋನನ್ನು ನನ್ನ ಕಡೆ ಸರಿಸಿದರು. ನಾನು ಸವತಿಯನ್ನು ಅಳಿಸಿ, ಔರಾದಿಗೆ ಫೋನ್ ಹಚ್ಚಿ ಅಜ್ಜಿಯ ಕೈಗೆ ಕೊಟ್ಟೆ. ಆ ಕಡೆಯಿಂದ ಅಂಗಡಿಯವನ ಅಪ್ಪ, ಅಜ್ಜಿಯ ತಮ್ಮ, “ಕಾಶಕ್ಕಾ,” ಎಂದ. ಊರವರ ದನಿಯನ್ನೆಲ್ಲ ಅಣಕಿಸುವ ನನಗೆ ಆ ಒಂದು ದನಿ ಇನ್ನೂ ಬರುತ್ತಿಲ್ಲ.