ಹನ್ನೆರಡನೇ ನಂಬರಿನ ಬಸುರಿ

ಅತ್ತಿಗುಪ್ಪೆಯ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮು, ಒಂದು ಸಣ್ಣ ಅಡುಗೆಮನೆ ಇದೆ. ಮೂರು ವರ್ಷದ ಹಿಂದೆ ಅದನ್ನು ಬಾಗಲಕೋಟೆ ಕಡೆಯ ಒಬ್ಬ ಹುಡುಗಿಗೆ ಬಾಡಿಗೆಗೆ ಕೊಟ್ಟೆ. ಇಪ್ಪತ್ತೆಂಟು ಇರಬಹುದು ವಯಸ್ಸು. ಏನು ಕೆಲಸ ಅಂತ ಕೇಳಿದ್ದಕ್ಕೆ "ರಿಸರ್ಚ್ ರೀ" ಅಂದಳು. ಯಾವುದರ ಮೇಲೆ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬೇಸಿಗೆ ಬಂದರೆ ಲಡಾಖಿಗೆ ಹೋಗುತ್ತಿದ್ದಳು, ಮಳೆಗಾಲ ಮುಗಿಯುವ ಹೊತ್ತಿಗೆ ಮೂಗಿನ ಮೇಲಿನ ಚರ್ಮ ಸುಲಿದುಕೊಂಡು ವಾಪಸ್ ಬರುತ್ತಿದ್ದಳು. ನನಗೆ ಗೊತ್ತಿದ್ದದ್ದು ಅಷ್ಟೇ.

ಎರಡನೇ ವರ್ಷ ಜುಲೈ ತಿಂಗಳಲ್ಲೇ ಬಂದುಬಿಟ್ಟಳು. ಬಂಡೆ ಮೇಲೆ ಜಾರಿ ಪಾದದ ಮೂಳೆ ಮುರಿದಿತ್ತು, ಮೊಣಕಾಲಿನವರೆಗೂ ಪ್ಲಾಸ್ಟರ್. ನಾನು ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಕಾಯಿಲೆಯವರನ್ನು ನೋಡಿ ಸುಮ್ಮನಿರೋಕೆ ಬರೋದಿಲ್ಲ. ದಿನಾ ಸಂಜೆ ಅನ್ನ, ಸಾರು ತೆಗೆದುಕೊಂಡು ಮೇಲೆ ಹೋಗುತ್ತಿದ್ದೆ. ಐದೂವರೆ ಸುಮಾರಿಗೆ ಅವಳಿಗೊಂದು ಫೋನ್ ಬರುತ್ತಿತ್ತು. ನಾನು ಒಳಗೆ ಕಾಲಿಟ್ಟರೆ ಮಾತು ತುಂಡಾಗುತ್ತಿತ್ತು. ಅದು ಮೊದಲನೇ ಅನುಮಾನ.

ಒಂದು ದಿನ ಮೆಟ್ಟಿಲ ತಿರುವಿನಲ್ಲೇ ನಿಂತು ಕೇಳಿಸಿಕೊಂಡೆ.

"ಹನ್ನೆರಡನೇದು ಇನ್ನೂ ಹಡದಿಲ್ಲೇನು? ದಿನ ತುಂಬಿ ಎಷ್ಟಾತು ನೋಡು. ಹೊಟ್ಟಿ ನೋಡಿದ್ರ ಎರಡ ಅದಾವ ಒಳಗ. ಹಡದ ಕೂಡಲೇ ಸಣ್ಣವನ್ನ ಬ್ಯಾರೆ ಇಡು, ತೂಕ ಮಾಡಿ ನಂಬರ್ ಹಾಕು. ತಾಯಿನ್ನ ಎಲ್ಲಿಂದ ತಂದಿದ್ಯೋ ಅಲ್ಲೇ ಬಿಟ್ಟು ಬಾ."

ಬೇರೆ ಯಾರಾದರೂ 'ಹನ್ನೆರಡನೇದು' ಅಂದಿದ್ದರೆ ದನವೋ ನಾಯಿಯೋ ಅಂದುಕೊಳ್ಳುತ್ತಿದ್ದೆನೇನೋ. ಆದರೆ ಅವರ ಕಡೆ ಹೆಂಗಸರಿಗೂ 'ಬಂತು, ಹೋತು' ಅಂತಲೇ ಹೇಳುವುದು. ಅವಳ ಅವ್ವನ ಬಗ್ಗೆ ಹೇಳುವಾಗಲೂ ಹಾಗೇ ಮಾತಾಡುತ್ತಿದ್ದಳು.

ಮಾರನೇ ದಿನ ಬಟ್ಟೆ ಒಣಹಾಕೋ ನೆಪದಲ್ಲಿ ಟೆರೇಸಿಗೆ ಹೋಗಿ ಅವಳ ಕಿಟಕಿಯಲ್ಲಿ ಇಣುಕಿದೆ. ಅವಳು ಸ್ನಾನಕ್ಕೆ ಹೋಗಿದ್ದಳು. ಗೋಡೆ ಮೇಲೆ ದೊಡ್ಡ ಚಾರ್ಟ್, ಇಂಗ್ಲಿಷಿನಲ್ಲಿ; ದಿನಾ ಊಟ ಕೊಡುವಾಗ ಕಂಡಿದ್ದರೂ ಓದಿರಲಿಲ್ಲ. ಒಂದರಿಂದ ಇಪ್ಪತ್ಮೂರರವರೆಗೆ ನಂಬರು, ಪ್ರತಿ ನಂಬರಿನ ಮುಂದೆ ಫೀಮೇಲ್. ಅರ್ಧಕ್ಕರ್ಧ 'ಗ್ರ್ಯಾವಿಡ್' ಅಂತ ಬರೆದಿತ್ತು. ಕೇಸ್ ಶೀಟುಗಳಲ್ಲಿ ಅದೇ ಬೇರಿನ ಪದವನ್ನು ನಾನೇ ಎಷ್ಟು ಸಾವಿರ ಸಲ ಬರೆದಿಲ್ಲ. ಬಸುರಿ ಅಂತ ಅರ್ಥ. ಅದರ ಪಕ್ಕದ ಸಾಲಿನಲ್ಲಿ ಮೈ ಟೆಂಪರೇಚರು: ಮೂವತ್ನಾಲ್ಕು, ಮೂವತ್ತಾರು, ಒಂದು ಕಡೆ ಬೆಳಗಿನ ಜಾವಕ್ಕೆ ಒಂಬತ್ತು. ಒಂಬತ್ತು ಡಿಗ್ರಿ ಮೈ ಇರುವ ಹೆಂಗಸು ಬದುಕಿರುವುದಿಲ್ಲ. ಐದನೇ ನಂಬರಿನ ಮುಂದೆ 'ಮಿಸ್ಸಿಂಗ್' ಅಂತ ಕೆಂಪಿನಲ್ಲಿ ಗುರುತು ಹಾಕಿತ್ತು.

ನನಗೆ ಯಾಕೆ ಅಷ್ಟು ಬೇಗ ಕೆಟ್ಟದ್ದೇ ಹೊಳೆಯಿತು ಅನ್ನೋದನ್ನು ಇಲ್ಲಿ ಹೇಳಿಬಿಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ನರ್ಸಿಂಗ್ ಹೋಮ್ ಈಗ ಇಲ್ಲ, ಮುಚ್ಚಿಹೋಗಿದೆ. ಅಲ್ಲಿ ಒಬ್ಬ ಕೂಲಿ ಹೆಂಗಸಿಗೆ ಮಗು ಸತ್ತು ಹುಟ್ಟಿತು ಅಂತ ಹೇಳಿ ಕಳಿಸಿದರು. ಆ ಮಗು ಅತ್ತಿದ್ದನ್ನು ನಾನು ಕೇಳಿದ್ದೆ. ಹಿಂದಿನ ಬಾಗಿಲಿನಿಂದ ಒಂದು ಕಾರು ಹೋದದ್ದನ್ನೂ ನೋಡಿದ್ದೆ. ಸೀನಿಯರ್ ಸಿಸ್ಟರ್ "ನಿನಗೇನೂ ಗೊತ್ತಿಲ್ಲ ಕಣೇ" ಅಂದರು. ನಾನು ಏನೂ ಗೊತ್ತಿಲ್ಲದವಳ ಹಾಗೆ ಇದ್ದುಬಿಟ್ಟೆ.

ಈ ಸಲ ಸುಮ್ಮನಿರಬಾರದು ಅಂತ ನಿರ್ಧಾರ ಮಾಡಿದೆ. ನಮ್ಮ ಬೀದಿಯಲ್ಲಿ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ಒಬ್ಬರಿದ್ದಾರೆ. ಅವರಿಗೆ ಫೋನಿನ ಮಾತು, ಚಾರ್ಟಿನ ವಿಷಯ ಹೇಳಿದೆ. ಅವರು ಗಂಭೀರವಾಗಿ ಕೇಳಿ, "ಸ್ಟೇಷನ್ನಿಗೆ ಹೋಗೋ ಮುಂಚೆ ಒಂದು ಮಾತು ನಾವೇ ಕೇಳೋಣಮ್ಮ" ಅಂದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಮೇಲೆ ಹೋದೆವು. ಅವಳು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದಳು. ಅವರು ಕುರ್ಚಿ ಎಳೆದುಕೊಂಡು ಕೂತು ನೇರವಾಗಿ ಕೇಳಿದರು.

"ನೋಡಮ್ಮ, ಹನ್ನೆರಡನೇ ನಂಬರಿನ ಹೆಂಗಸು ಈಗ ಎಲ್ಲಿದ್ದಾಳೆ?"

"ಯಾವ ಹೆಂಗಸ್ರಿ?"

"ದಿನ ತುಂಬಿದೋಳು. ಹುಟ್ಟಿದ ಮಕ್ಕಳನ್ನ ಯಾರಿಗೆ ಕೊಡ್ತೀರಿ?"

ಅವಳು ನನ್ನ ಮುಖ ನೋಡಿದಳು, ಗೋಡೆಯ ಚಾರ್ಟ್ ನೋಡಿದಳು. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಓತಿಕ್ಯಾತರೀ ಅವು" ಅಂದಳು.

ನಾನು ನಂಬಲಿಲ್ಲ. "ಓತಿಕ್ಯಾತ ಹೆರುತ್ತಾ? ನಮ್ಮ ಕ್ರೋಟನ್ ಕುಂಡದಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟಿದ್ದನ್ನ ನಾನೇ ನೋಡಿದೀನಿ. ಸುಳ್ಳು ಹೇಳೋದಾದರೆ ನೋಡಿಕೊಂಡು ಹೇಳು."

"ಇಲ್ಲಿಯವು ಮೊಟ್ಟಿ ಇಡ್ತಾವರಿ. ಲಡಾಖದಾಗ ನೆಲ ಭಾಳ ಥಂಡಿ. ಮಣ್ಣಾಗ ಮೊಟ್ಟಿ ಇಟ್ರ ಬ್ಯಾಸಗಿ ಮುಗಿಯೂದ್ರಾಗ ಮರಿ ಆಗಂಗಿಲ್ಲ. ಅದಕ್ಕ ಹೊಟ್ಟ್ಯಾಗ ಇಟ್ಕೊಂಡು ತಾಯಿ ಬಿಸಿಲಿಗೆ ಕೂಡ್ತದ. ಬಿಸಿಲು ಸರಿದಂಗ ತಾನೂ ಸರೀತದ. ಮೈ ಕಾಸ್ಕೊಂಡ್ರ ಒಳಗಿನ ಮರಿಗೂ ಕಾವು ಸಿಗ್ತದ. ರಾತ್ರಿ ಬಿಲದಾಗ ಹೋದ್ರ ಮೈ ಪೂರಾ ತಣ್ಣಗ."

ಹೆಡ್ ಕಾನ್‌ಸ್ಟೇಬಲ್ ಪರ್ಮಿಷನ್ ಲೆಟರ್ ಕೇಳಿದರು. ಅರಣ್ಯ ಇಲಾಖೆಯ ಸೀಲು, ಸಹಿ ಎಲ್ಲ ಇತ್ತು. ಅವರು ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿ, ನನ್ನ ಕಡೆ ತಲೆ ಆಡಿಸಿ ಕೆಳಗೆ ಹೋದರು. ನಾನು ಹೋಗಲಿಲ್ಲ. ಕಾಗದ ಯಾರು ಬೇಕಾದರೂ ಮಾಡಿಸುತ್ತಾರೆ.

ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಒಂದು ವಿಡಿಯೋ ಹಾಕಿದಳು. ಬೂದಿ ಬಣ್ಣದ ಮರಳು, ಅದರ ಮೇಲೆ ಅಂಗೈಗಿಂತ ಚಿಕ್ಕದೊಂದು ಚಪ್ಪಟೆ ಓತಿಕ್ಯಾತ. ಹೊಟ್ಟೆ ಎರಡೂ ಕಡೆ ಉಬ್ಬಿತ್ತು. ಹಿಂಗಾಲು ಅಗಲ ಮಾಡಿ ಬಾಲ ಎತ್ತಿತು. ಮೈ ಒಮ್ಮೆ ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಆ ನಡುವಿನ ವಿರಾಮ ನನಗೆ ಚೆನ್ನಾಗಿ ಗೊತ್ತು. ನನ್ನ ಕೈ ತಾನಾಗಿ ಮುಂದಕ್ಕೆ ಹೋಗಿತ್ತು. ತೆಳ್ಳನೆ ಪೊರೆಯಲ್ಲಿ ಸುತ್ತಿದ ಒಂದು ಗಂಟು ಹೊರಗೆ ಬಂತು. ಅದು ಒಳಗಿನಿಂದಲೇ ಒದ್ದಾಡಿ ಪೊರೆ ಹರಿದುಕೊಂಡು, ತಲೆ ಎತ್ತಿ, ಓಡಿಬಿಟ್ಟಿತು.

"ತಾಯಿ ನೆಕ್ಕಲ್ವಾ?" ಅಂತ ಕೇಳಿದೆ.

"ಇಲ್ರಿ. ತಿರುಗಿನೂ ನೋಡಂಗಿಲ್ಲ. ಹೊಟ್ಟ್ಯಾಗ ಇದ್ದಷ್ಟು ದಿನಾನ ಅದರ ಕೆಲಸ."

"ಐದನೇದು ಕಾಣೆ ಅಂತ ಬರೆದಿದೀಯಲ್ಲ?"

"ಹಕ್ಕಿ ಒಯ್ದಿರಬೇಕು. ಹೊಟ್ಟಿ ಭಾರ ಆದ್ರ ಓಡಾಕ ಆಗಂಗಿಲ್ರಿ ಅವಕ್ಕ."

ಅವಳು ವಿಡಿಯೋ ನಿಲ್ಲಿಸಿದಳು. ಆಮೇಲೆ ದನಿ ಏರಿಸದೆ, "ದಿನಾ ಊಟ ತಂದುಕೊಡ್ತೀರಿ. ನನ್ನ ಒಂದು ಮಾತು ಕೇಳಬಹುದಿತ್ತಲ್ರಿ. ಪೊಲೀಸ್ರನ್ನ ಯಾಕ ಕರ್ಕೊಂಡ್ ಬಂದ್ರಿ?" ಅಂದಳು.

ಆಗ ಆ ನರ್ಸಿಂಗ್ ಹೋಮಿನ ಕಥೆ ಹೇಳಿದೆ. ನನ್ನ ಗಂಡನಿಗೂ ಹೇಳಿರಲಿಲ್ಲ ಅದನ್ನು. ಅವಳು ಪೂರ್ತಿ ಕೇಳಿದಳು. "ಆ ಕೂಸು ಹೆಣ್ಣೋ ಗಂಡೋ?" ಅಂದಳು. ಅದೂ ನನಗೆ ಗೊತ್ತಿರಲಿಲ್ಲ.

ನಾಲ್ಕು ದಿನ ಊಟ ಬಾಗಿಲ ಹತ್ತಿರ ಇಟ್ಟು ಬರುತ್ತಿದ್ದೆ, ತೊಳೆದ ಪಾತ್ರೆ ಅಲ್ಲೇ ಇರುತ್ತಿತ್ತು. ಐದನೇ ದಿನ ತಡೆಯಲಾರದೆ ಬಾಗಿಲು ತಟ್ಟಿದೆ.

"ಹನ್ನೆರಡನೇದು ಹೆತ್ತಿತಾ?"

"ಹಡೀತರಿ. ಅಲ್ಲಿ ನನ್ನ ಕೆಲಸ ನೋಡ್ಕೊಳ್ಳಾವ ಫೋನ್‌ನ್ಯಾಗ ಹೇಳಿದ. ಮೂರು ದಿನ ಮೋಡ ಇತ್ತಂತ, ಬಿಸಿಲು ಸಿಗದ ತಡಾ ಆಗಿತ್ತು. ಮೂರು ಮರಿ. ಒಂದು ಸತ್ತಿತ್ತು."

ಮೂರು. ಎರಡು ಅಂತ ಅಂದಾಜು ಮಾಡಿದ್ದಳು. ಹೊಟ್ಟೆ ಮುಟ್ಟಿ ಲೆಕ್ಕ ಹೇಳುವಾಗ ನಾವೂ ಎಷ್ಟೋ ಸಲ ತಪ್ಪಿದ್ದೇವೆ ಅಂದೆ. ಒಳಗೆ ಬಂದು ಕೂತುಕೊಳ್ಳಿ ಅಂದಳು.

ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಹೊರಟಳು. ಬ್ಯಾಗ್ ಹಿಡಿದುಕೊಂಡು ಮೆಟ್ರೋ ಸ್ಟೇಷನ್ನಿನವರೆಗೂ ಜೊತೆಗೆ ಹೋದೆ. ದಾರಿಯಲ್ಲಿ, ಅಲ್ಲಿ ಜೊತೆಗೆ ಯಾರಿರುತ್ತಾರೆ ಅಂತ ಕೇಳಿದೆ. ಇಬ್ಬರು ಗಂಡಸರು, ಒಬ್ಬ ಡ್ರೈವರ್ ಅಂದಳು. ಮೂರು ಜನ ಗಂಡಸರ ಮಧ್ಯೆ ಒಬ್ಬಳೇ ಹುಡುಗಿ, ಊರಿಲ್ಲದ ಜಾಗ. ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಅವರು ಎಂಥವರು, ಎಲ್ಲಿಯವರು, ನಿನ್ನ ಟೆಂಟಿಗೆ ಒಳಗಿನಿಂದ ಚಿಲಕ ಇದೆಯಾ ಅಂತ ಎಲ್ಲ ಈ ಸಲ ಅವಳನ್ನೇ ಕೇಳಿದೆ. ಟಿಕೆಟ್ ಗೇಟಿನ ಹತ್ತಿರ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟಳು. ಟೆಂಟಿಗೆ ಚಿಲಕ ಇರುವುದಿಲ್ಲವಂತೆ, ಜಿಪ್ ಅಷ್ಟೇ.